ಸಮಸ್ಯೆ: ‘ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ’

ಕಾಫಿಕಪ್ಪು:
ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ ನನ್ನ ಪಾಳಿ. ಪದ್ಯದ ಕೊನೆಯ ಸಾಲು ನಾನು ಕೊಡುತ್ತೇನೆ, ಅದಕ್ಕೆ ಹೊಂದುವ ಹಾಗೆ ಉಳಿದ ಸಾಲು ಬರೆದು ಪೂರಣ ಮಾಡೋದು ನೀವು. ಹುಟ್ಟಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿ ನಾಲ್ಕನೇ ಕ್ಲಾಸು. ಹೆಸರು ಸುಮ. ಸ್ಕೂಲಿನಲ್ಲಿ ಹೋಂವರ್ಕ್ ಕೊಟ್ಟಿದ್ದಾರೆ: ನಿಮ್ಮ ಹೆಸರಿಗೆ ರೈಮ್ ಆಗುವ ಇಂಗ್ಲಿಷ್ ಪದ ಹುಡುಕಿ, ನಾಲ್ಕು ಸಾಲು ಪದ್ಯ ಬರೆಯಿರಿ. ಜಾಕ್, ಕೇಟ್, ಬಿಲ್ ಅಂತ ಹೆಸರಿರುವ ಮಕ್ಕಳು ಐದು ನಿಮಿಷದಲ್ಲಿ ಮುಗಿಸಿ ಆಡೋಕೆ ಹೋದರಂತೆ. ಇವಳು ಮಾತ್ರ ಮುಖ ಊದಿಸಿಕೊಂಡು ವಿಡಿಯೊ ಕಾಲ್ ಮಾಡಿದಳು. ‘ಚಿಕ್ಕಮ್ಮ, ನನ್ನ ಹೆಸರಿಗೆ ಫ್ರೆಂಡ್ಸೇ ಇಲ್ಲ.’

ಇಬ್ಬರೂ ಕೂತು ಹುಡುಕಿದೆವು. ಅಲ್ಲಿಯ ಟೀಚರ್ ಅವಳನ್ನು ‘ಸೂಮಾ’ ಅಂತ ಕರೆಯುತ್ತಾರೆ, ಹಾಗಾಗಿ ಆ ಉಚ್ಚಾರಣೆಗೇ ಹುಡುಕಬೇಕಾಯಿತು. ಸಿಕ್ಕಿದ್ದು ಇಷ್ಟು: ಪ್ಯೂಮಾ ಅನ್ನೋ ಕಾಡುಬೆಕ್ಕು, ಅರಿಜೋನಾದ ಯೂಮಾ ಅನ್ನೋ ಊರು, ಅಸ್ಟೆಕ್ ದೊರೆ ಮಾಂಟೆಜೂಮಾ. ಆಮೇಲೆ ಸತ್ಸೂಮಾ, ಒಂದು ಜಾತಿ ಕಿತ್ತಳೆ. ಇದು ಸಿಕ್ಕಾಗ ಕುಣಿದಾಡಿದೆವು. ನೋಡಿದರೆ ಅದರ ಬಾಲದಲ್ಲಿ ‘ಸೂಮಾ’ನೇ ಇದೆ. ಇಂಗ್ಲಿಷಿನವರಿಗೆ ಅದು ಅಷ್ಟು ರುಚಿಸಲ್ಲ. ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಎಲ್ಲ ಒಂದೇ ಇರಬೇಕು, ಆದರೆ ಆ ಸ್ವರದ ಹಿಂದಿನ ವ್ಯಂಜನ ಬೇರೆ ಇರಬೇಕು. ಅದು ಅವರ ಲೆಕ್ಕ.

ನಮ್ಮದು ಉಲ್ಟಾ ಅಲ್ವಾ? ನಾವು ಹೆಸರನ್ನು ಬಾಲದ ಕಡೆಯಿಂದ ಹಿಡಿಯಲ್ಲ, ತಲೆಯ ಕಡೆಯಿಂದ ಹಿಡಿಯುತ್ತೇವೆ. ಎರಡನೇ ಅಕ್ಷರದ ವ್ಯಂಜನ ಒಂದೇ ಇದ್ದರೆ ಆಯಿತು, ಅದರ ಮೇಲಿನ ಸ್ವರ ಏನಾದರೂ ಇರಲಿ. ಇದೇ ಆದಿಪ್ರಾಸ. ಹಾಗೆ ನೋಡಿದರೆ ಸುಮಳಿಗೆ ಇಂಗ್ಲಿಷಿನಲ್ಲೇ ಬೇಕಾದಷ್ಟು ಫ್ರೆಂಡ್ಸ್ ಇದ್ದಾರೆ. ಅವರನ್ನು ಕರೆತರೋದು ನಿಮ್ಮ ಕೆಲಸ.

ನಿಯಮ: ಚೌಪದಿ, ಅಂದರೆ ನಾಲ್ಕು ಸಾಲು. ಸಾಲಿಗೆ ಐದು ಮಾತ್ರೆಯ ಮೂರು ಗಣ (ಗುಂಪು), ಕೊನೆಗೆ ನಾಲ್ಕು ಮಾತ್ರೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ; ದೀರ್ಘ, ಸೊನ್ನೆ ಇಲ್ಲವೇ ಮುಂದೆ ಒತ್ತಕ್ಷರ ಇರುವ ಅಕ್ಷರ ಗುರು, ಎರಡು ಮಾತ್ರೆ. ಸಾಲಿನ ಕೊನೆಯ ಲಘುವನ್ನು ಗುರು ಅಂತ ಎಣಿಸಬಹುದು. ಮೊದಲ ಮೂರು ಸಾಲೂ ಇಂಗ್ಲಿಷ್ ಪದದಿಂದಲೇ ಶುರುವಾಗಬೇಕು. ಆ ಪದ ಸುಮಳಿಗೆ ಆದಿಪ್ರಾಸ ಆಗಬೇಕು. ನಾಲ್ಕನೇ ಸಾಲು ಇದು:

ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ

ಹೊಸಗಾಳಿ:
ಅಕ್ಕಾ, ನಾನು ಇಲ್ಲಿಗೆ ಹೊಸಬ. ತಪ್ಪಿದ್ದರೆ ತಿದ್ದಿ.

ಡ್ರಾಮ ಸಾಕೆಂದಪ್ಪ ಗದರಿದನು ರೇಗಿ
ಕೋಮದೊಳಗಿದ್ದಂತೆ ಮಲಗಿರಲು ಹುಡುಗಿ
ಕಾಮ ಹಾಕಿದ ಬಾಳು ಫುಲ್‌ಸ್ಟಾಪು ಕಾಣೆ
ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ

ಬುಗುರಿ:
ಮೂರನೇ ಸಾಲು ಓದಿ ಗಾಬರಿಯಾಯಿತು ಮಾರಾಯ. ಅದು ವಾಕ್ಯದ ಮಧ್ಯೆ ಹಾಕೋ ಕಾಮಾನಾ, ಅಥವಾ ಅರಿಷಡ್ವರ್ಗದ ಮೊದಲನೆಯದಾ?

ಹೊಸಗಾಳಿ:
ಅಯ್ಯೋ, ವಾಕ್ಯದ್ದೇ! ದೀರ್ಘ ಹಾಕಿದರೆ ಒಂದು ಮಾತ್ರೆ ಜಾಸ್ತಿ ಆಗುತ್ತಿತ್ತು.

ಲಘುಗುರು:
ತಮ್ಮಾ, ಮಾತ್ರೆ ಲೆಕ್ಕ ಚೊಕ್ಕವಾಗಿದೆ. ಎಣಿಸಿ ನೋಡಿದೆ, ಒಂದೂ ತಪ್ಪಿಲ್ಲ. ಮೊದಲ ಮೂರು ಸಾಲು ಒಂದಕ್ಕೊಂದು ಚೆನ್ನಾಗಿ ಕೂತಿವೆ. ಜಗಳ ಇರೋದು ನಾಲ್ಕನೆಯದರ ಜೊತೆ. ಡ್ರಾ, ಕೋ, ಕಾ ಎಲ್ಲ ದೀರ್ಘ. ‘ಸು’ ಹ್ರಸ್ವ. ಎರಡನೇ ಅಕ್ಷರ ‘ಮ’ ಇದ್ದರಷ್ಟೇ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಇರಬೇಕು.

ಹಳಬರು ಇದಕ್ಕೆ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಹಿಂದೆ ಹ್ರಸ್ವ ಇದ್ದರೆ ಸಿಂಹಪ್ರಾಸ, ದೀರ್ಘ ಇದ್ದರೆ ಗಜಪ್ರಾಸ. ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ. ಬೇರೆ ಬೇರೆ ವ್ಯಂಜನದ ಒತ್ತಕ್ಷರ ಆದರೆ ಶರಭ, ಅದೇ ವ್ಯಂಜನಕ್ಕೆ ಅದೇ ಒತ್ತು ಆದರೆ ಹಯ. ಇಂಗ್ಲಿಷ್ ಪದಗಳನ್ನೇ ಇಟ್ಟು ಹೇಳೋದಾದರೆ ಕಮಿಟಿ ಸಿಂಹ, ಡ್ರಾಮ ಗಜ, ಬಂಪರ್ ವೃಷಭ, ಟೆಸ್ಟು ಶರಭ, ಬಸ್ಸು ಹಯ. ಅಜಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಮೇವಿಲ್ಲ. ಅವರಲ್ಲಿ ವಿಸರ್ಗವೇ ಇಲ್ಲವಲ್ಲ, ಪಾಪದ ಆಡು.

ನೀನು ಮೂರು ಆನೆ ಸಾಲಾಗಿ ನಿಲ್ಲಿಸಿ, ಕೊನೆಗೆ ಒಂದು ಸಿಂಹ ತಂದು ಕಟ್ಟಿದ್ದೀಯ.

ಹೊಸಗಾಳಿ:
ಹಾಗಾದರೆ ಡಿಮಾಂಡ್, ರಿಮೋಟ್, ಸಿಮೆಂಟ್ ಬರುತ್ತಾ ಮೇಷ್ಟ್ರೇ? ಎಲ್ಲದರಲ್ಲೂ ಮೊದಲಕ್ಷರ ಹ್ರಸ್ವ.

ಲಘುಗುರು:
ಪ್ರಾಸಕ್ಕೆ ಸರಿ, ಲಯಕ್ಕೆ ಕಷ್ಟ. ಗಣದ ಮೊದಲಲ್ಲೇ ಲಘು, ಅದರ ಬೆನ್ನಿಗೇ ಗುರು. ಇದನ್ನು ಲಗಾದಿ ಅಂತಾರೆ. ‘ಡಿಮಾಂಡು’ ಅಂತ ಸಾಲಿನ ಮೊದಲಿಗೆ ಇಟ್ಟು ಜೋರಾಗಿ ಹೇಳಿ ನೋಡು. ಹೊಸಿಲು ಎಡವಿದ ಹಾಗೆ ಆಗುತ್ತೆ. ಎರಡು ಲಘುವಿನಿಂದ ಶುರುವಾಗೋ ಪದ ಹುಡುಕು: ಕಮಿಟಿ, ಲಿಮಿಟು, ಮೆಮೊ, ಡೆಮೊ, ಕೆಮಿಕಲ್. ಕಮಿಷನ್ ಕೂಡ ನಡೆಯುತ್ತೆ, ‘ಮಿ’ಯನ್ನು ಎಳೆಯದಿದ್ದರೆ.

ಬುಗುರಿ:
ಎಳೆದರೆ ಜಾಸ್ತಿ ಕಮಿಷನ್ ಅಂತ ಅರ್ಥ.

ಅದಿರಲಿ, ಮೇಷ್ಟ್ರು ಪಟ್ಟಿ ಕೊಟ್ಟ ಮೇಲೆ ಬಿಡೋಕಾಗುತ್ತಾ? ನನ್ನದು ನೋಡಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡೋ ಯಾರಿಗೂ ವಿವರಣೆ ಬೇಡ.

ಮೆಮೊ ಬಂತು ರಜೆಯಿಲ್ಲ ಕೆಲಸವಿದೆ ಬಾಕಿ
ಲಿಮಿಟಿಲ್ಲ ಸಾಹೇಬರಾರ್ಭಟಕೆ ಕೇಳಿ
ಡೆಮೊ ತೋರಿ ಮುಗಿವಷ್ಟರಲಿ ಲಗ್ನ ಮೀರಿ
ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ

ಕಾಫಿಕಪ್ಪು:
ಆಹಾ! ತಲೆಯಲ್ಲಿ ಮೆಮೊ, ಲಿಮಿಟು, ಡೆಮೊ. ಬಾಲದಲ್ಲಿ ಬಾಕಿ, ಕೇಳಿ, ಮೀರಿ. ಎರಡೂ ಕಡೆ ಗಂಟು ಹಾಕಿದ್ದೀರಿ. ನನಗೆ ಜಾಸ್ತಿ ಹಿಡಿಸಿದ್ದು ‘ಲಗ್ನ ಮೀರಿ’. ಮುಹೂರ್ತ ದಾಟಿತು ಅನ್ನೋದು ಎಷ್ಟು ಸಣ್ಣ ಜಾಗದಲ್ಲಿ ಬಂದಿದೆ.

ಲಘುಗುರು:
ಹೌದು, ಇದು ಪೂರಣ. ಸಾಲು ಕೇಳಿದಾಗ ಅಸಂಬದ್ಧ ಅನ್ನಿಸಬೇಕು, ಪದ್ಯ ಮುಗಿದಾಗ ‘ಇನ್ನೇನಾಗೋಕೆ ಸಾಧ್ಯ’ ಅನ್ನಿಸಬೇಕು. ಅವಧಾನದ ವೇದಿಕೆಯಲ್ಲಿ, ಅಂದರೆ ಕೇಳಿದ್ದಕ್ಕೆ ಆಗಿಂದಾಗಲೇ ಪದ್ಯ ಕಟ್ಟುವ ಕಡೆ, ದತ್ತಪದಿ ಅಂತ ಇನ್ನೊಂದಿದೆ, ಗೊತ್ತಲ್ಲ. ಪೃಚ್ಛಕರು, ಅಂದರೆ ಪ್ರಶ್ನೆ ಕೇಳೋರು, ನಾಲ್ಕು ಪದ ಕೊಡುತ್ತಾರೆ, ಸಾಲಿಗೆ ಒಂದರಂತೆ ಸೇರಿಸಬೇಕು. ತಮಾಷೆಗೆ ಇಂಗ್ಲಿಷ್ ಪದ ಕೊಡೋರೂ ಇದ್ದಾರೆ. ಅಲ್ಲಿ ಜಾಣತನ ಇರೋದು ಬಚ್ಚಿಡೋದರಲ್ಲಿ. ಕಾರ್ ಕೊಟ್ಟರೆ ಕಾರ್ಮುಗಿಲು, ಬಾಲ್ ಕೊಟ್ಟರೆ ಬಾಲ್ಯ. ಇಲ್ಲಿ ಅಕ್ಕ ಕೇಳಿರೋದು ಬೇರೆ. ಇಂಗ್ಲಿಷ್ ಇಂಗ್ಲಿಷಾಗಿಯೇ ಕಾಣಬೇಕು, ಪ್ರಾಸ ಮಾತ್ರ ಕನ್ನಡದ್ದು. ಇದು ಸುಲಭ ಅಂದುಕೊಂಡಿದ್ದೆ. ಅಲ್ಲ.

ಅಜ್ಜಿಮೊಮ್ಮಗ:
2020ರ ಲಾಕ್‌ಡೌನ್ ನೆನಪಿದೆಯಾ? ಮದುವೆಗೆ 50 ಜನ ಅಂತ ಲಿಮಿಟ್ ಹಾಕಿದ್ದರು. ವಿಮಾನ ಇಲ್ಲ, ವೀಸಾ ಇಲ್ಲ. ಆ ಕಾಲದ ಒಂದು ಮದುವೆ ಇದು.

ಅಮೆರಿಕದಿ ಸಿಲುಕಿದಳು ವೀಸವದು ಸಿಗದೆ
ಕಮಿಷನ್ನು ತೆತ್ತರೂ ಟಿಕೆಟಿಲ್ಲ ಪಾಪ
ಕೆಮರದಲಿ ಮಾಂಗಲ್ಯ ಕಟ್ಟಿದನು ಕೊನೆಗೆ
ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ

ಬುಗುರಿ:
ಕೆಮರ ಅಂದರೆ? ಕಮರಿದ್ದಾ?

ಅಜ್ಜಿಮೊಮ್ಮಗ:
ಕ್ಯಾಮೆರಾ ರೀ. ನಮ್ಮಜ್ಜಿ ಹಾಗೇ ಅಂತಿದ್ದರು. ‘ಆ ಕೆಮರ ಎತ್ತಿಡೋ, ಮಳೆ ಬರ್ತಿದೆ’ ಅಂತ. ಅಂಗಳದಲ್ಲಿ ಹಪ್ಪಳ ನೆನೆಯುತ್ತಿದ್ದರೂ ಮೊದಲು ಕೆಮರ.

ಹೊಸಗಾಳಿ:
ಝೂಮಿನಲಿ ಅಂತ ಹಾಕಬಹುದಿತ್ತಲ್ಲ ಅಣ್ಣಾ?

ಅಜ್ಜಿಮೊಮ್ಮಗ:
ಝೂಮ್ ಆನೆ ತಮ್ಮಾ. ಸಿಂಹದ ಬೋನಿಗೆ ಹೋಗಲ್ಲ.

ಲಘುಗುರು:
ಹುಡುಗ ಬೇಗ ಕಲಿಸುತ್ತಾನೆ! ನನ್ನದು ಎರಡು ತಕರಾರು. ಒಂದು, ಅಮೆರಿಕ ದೇಶದ ಹೆಸರು, ಇಂಗ್ಲಿಷ್ ಪದ ಅಂತ ಒಪ್ಪೋದು ಹೇಗೆ? ಎರಡು, ಕಟ್ಟಿದ್ದು ಯಾರಿಗೆ? ಹುಡುಗಿ ಅಲ್ಲಿದ್ದರೆ ಕೊರಳೂ ಅಲ್ಲೇ ಇರಬೇಕಲ್ಲ.

ಅಜ್ಜಿಮೊಮ್ಮಗ:
ಒಂದನೆಯದಕ್ಕೆ ಅಕ್ಕನೇ ತೀರ್ಪು ಕೊಡಲಿ. ಎರಡನೆಯದಕ್ಕೆ, ಅದೇ ಮೇಷ್ಟ್ರೇ ಸಮಸ್ಯೆ!

ಕಾಫಿಕಪ್ಪು:
ನನ್ನ ಪಟ್ಟಿಯಲ್ಲಿ ಯೂಮಾ ಊರು ಇತ್ತಲ್ಲ, ಹಾಗಾಗಿ ಅಮೆರಿಕವೂ ಇರಲಿ. ಆದರೆ ‘ವೀಸವದು’ ಅನ್ನೋದರಲ್ಲಿ ಆ ‘ಅದು’ ಸುಮ್ನೆ ಗಣ ತುಂಬೋಕೆ ಬಂದು ಕೂತಿದೆ. ಮದುವೆಮನೆಯಲ್ಲಿ ಊಟಕ್ಕೆ ಮಾತ್ರ ಬಂದವರ ಹಾಗೆ.

ಜೀರುಂಡೆ:
ಎಲ್ಲರೂ ಸುಮ ಅಂದರೆ ಹುಡುಗಿ ಅಂತಲೇ ಹೊರಟಿದ್ದೀರಿ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ನನಗೆ ಸುಮ ಅಂದರೆ ಮೊದಲು ಹೂವು. ಹೂವಿನ ಮದುವೆಗೆ ಹೂವು ಯಾವತ್ತು ನಡೆದುಕೊಂಡು ಬಂದಿದೆ ಹೇಳಿ?

ಟೊಮೆಟೊವಿನ ಹೊಲದೊಳಗೆ ದುಂಬಿಯೇ ದೂತ
ಕೆಮಿಕಲ್ಲೆ ಕರೆಯೋಲೆ ಕಂಪಿನಲಿ ಬರೆದು
ಲಿಮಿಟಿನಲಿ ನಿಂತಿಹುದು ಬೇರೂರಿ ಗಿಡವು
ಸುಮ ತನ್ನ ಮದುವೆಗೇ ಬರಲಿಲ್ಲ ನೋಡಾ

ಕಾಫಿಕಪ್ಪು:
ಒಂದು ನಿಮಿಷ ಸುಮ್ಮನೆ ಕೂತೆ. ‘ಕೆಮಿಕಲ್ಲೆ ಕರೆಯೋಲೆ’! ಹೂವಿನ ವಾಸನೆಯನ್ನು ಕೆಮಿಕಲ್ ಅಂದರೆ ಒರಟಾಗಬೇಕಿತ್ತು. ಪಕ್ಕದಲ್ಲೇ ಕರೆಯೋಲೆ ಬಂತು ನೋಡಿ, ಆ ಪದಕ್ಕೂ ಅರಿಶಿನ ಕುಂಕುಮ ಹಚ್ಚಿದ ಹಾಗಾಯಿತು.

ಬುಗುರಿ:
ನನ್ನ ಮೆಮೊ ವಾಪಸ್ ತಗೊಂಡೆ. ಇದಕ್ಕೇ ಮೊದಲ ಬಹುಮಾನ.

ಕೆಂಪುಮಣ್ಣು:
ಕೋಲಾರದವನು, ಟೊಮೆಟೊ ಬೆಳೆಯೋನು. ಪದ್ಯ ಭಾಳ ಚೆನ್ನಾಗಿದೆ ಟೀಚರಮ್ಮ, ಆದರೆ ಒಂದು ಮಾತು. ಟೊಮೆಟೊ ಹೂವಿಗೆ ದೂತ ಅಷ್ಟೊಂದು ಬೇಕಿಲ್ಲ. ಒಂದೇ ಹೂವಿನೊಳಗೆ ಗಂಡೂ ಇರುತ್ತೆ, ಹೆಣ್ಣೂ ಇರುತ್ತೆ. ಗಾಳಿಗೆ ಅಲ್ಲಾಡಿದರೂ ಕಾಯಿ ಕಚ್ಚುತ್ತೆ. ಪಾಲಿಹೌಸಿನಲ್ಲಿ ಗಾಳಿ ಇಲ್ಲ ಅಂತ ಗಿಡ ಕಟ್ಟಿದ ದಾರವನ್ನು ತಟ್ಟಿ ಅಲ್ಲಾಡಿಸುತ್ತಾರೆ. ಅಂದರೆ ಮದುವೆ ಮನೆಯೊಳಗೇ. ಸುಮ ಬರೋ ಪ್ರಶ್ನೆ ಎಲ್ಲಿಂದ ಬಂತು?

ಜೀರುಂಡೆ:
ನೀವು ಹೇಳಿದ್ದು ಪೂರ್ತಿ ಸರಿ ಅಣ್ಣ. ಪ್ರಾಸಕ್ಕೆ ಸಿಕ್ಕಿತು ಅಂತ ಟೊಮೆಟೊ ಹಿಡಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ದುಂಬಿಯನ್ನು ಪೂರ್ತಿ ಓಡಿಸಬೇಡಿ. ಟೊಮೆಟೊ ಹೂವಿನ ಪರಾಗ ಒಂದು ಕೊಳವೆಯ ಒಳಗೆ ಇರುತ್ತೆ, ಉಪ್ಪಿನ ಡಬ್ಬಿಯಲ್ಲಿ ಇದ್ದ ಹಾಗೆ. ಜೇನುನೊಣಕ್ಕೆ ಅದನ್ನು ಉದುರಿಸೋಕೆ ಬರಲ್ಲ. ಕಪ್ಪಗೆ ದಪ್ಪಗಿರೋ ದುಂಬಿ ಹೂವನ್ನು ತಬ್ಬಿಕೊಂಡು ಮೈ ನಡುಗಿಸುತ್ತೆ. ಝುಂಯ್ ಅಂತ ಸದ್ದಾಗುತ್ತೆ, ಪರಾಗ ಉದುರುತ್ತೆ. ಬೆಳಗ್ಗೆ ಹೊಲದಲ್ಲಿ ನೀವೂ ಕೇಳಿರುತ್ತೀರಿ.

ಕೆಂಪುಮಣ್ಣು:
ಕೇಳಿದ್ದೀನಿ. ಅದು ಸುಮ್ನೆ ಹಾಡ್ತಾ ಇದೆ ಅಂದ್ಕೊಂಡಿದ್ದೆ. ಹಾಗಾದರೆ ದೂತ ಬೇಡ, ‘ವಾದ್ಯ’ ಅಂತ ಮಾಡಿ. ದುಂಬಿಯೇ ವಾದ್ಯ. ಮದುವೆ ಮನೆಯಲ್ಲಿ ವಾಲಗ ಬೇಕಲ್ಲ.

ಲಘುಗುರು:
ವಾದ್ಯ: ಗುರು, ಕೊನೆಯ ಲಘು ಗುರು. ನಾಲ್ಕು ಮಾತ್ರೆ. ಸರಿಹೋಗುತ್ತೆ! ಕೆಂಪುಮಣ್ಣಿನವರೇ, ನೀವು ಇಷ್ಟು ದಿನ ಸುಮ್ಮನೆ ಓದಿಕೊಂಡು ಕೂತಿದ್ದೀರಲ್ಲ, ಅನ್ಯಾಯ.

ಇನ್ನೊಂದು ವಿಷಯ. ಟೀಚರಮ್ಮ ‘ಟೊಮೆಟೊ’ ಅಂತ ಬರೆದದ್ದು ಒಳ್ಳೆಯದಾಯಿತು. ‘ಟೊಮ್ಯಾಟೊ’ ಅಂದಿದ್ದರೆ ‘ಮ’ಕ್ಕೆ ಯ ಒತ್ತು ಬಂತು, ಲೆಕ್ಕದ ಪ್ರಕಾರ ಹಿಂದಿನ ಅಕ್ಷರ ಗುರು ಆಗಬೇಕು, ಪ್ರಾಸ ಶರಭಕ್ಕೆ ಹೋಗಬೇಕು. ಆದರೆ ಆ ಒತ್ತನ್ನು ಯಾರೂ ಒತ್ತಿ ಹೇಳಲ್ಲ. ಬಾಯಿ ಅಗಲಿಸೋಕೆ ನಾವು ಮಾಡಿಕೊಂಡ ಗುರುತು ಅಷ್ಟೇ ಅದು. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಇತ್ತು, ಬರೆಯುವಾಗ ಒತ್ತು, ಉಚ್ಚರಿಸುವಾಗ ತೇಲಿಸಿಬಿಡೋದು, ಹಿಂದಿನ ಅಕ್ಷರ ಲಘುವೇ. ಬ್ಯಾಂಕು, ಕ್ಯಾಮೆರಾ, ಡಿಮ್ಯಾಂಡು ಇವಕ್ಕೂ ಅದೇ ರಿಯಾಯಿತಿ ಕೊಡಬೇಕು ಅಂತ ನನ್ನ ಅಭಿಪ್ರಾಯ. ಜಗಳ ಆಡೋರು ಆಡಬಹುದು.

ಬುಗುರಿ:
ಮಂಜೇಶ್ವರದ ಗೋವಿಂದ ಪೈಗಳು ಈ ಆದಿಪ್ರಾಸದ ಕಟ್ಟನ್ನೇ ಬಿಟ್ಟವರು. ನಾವು ನೋಡಿದರೆ ಅದನ್ನು ಇಂಗ್ಲಿಷಿಗೂ ಹಾಕುತ್ತಿದ್ದೇವೆ.

ಲಘುಗುರು:
ಅವರು ಕಟ್ಟಲು ಬಲ್ಲವರಾಗಿ ಬಿಚ್ಚಿದರು. ನಾವಿನ್ನೂ ಗಂಟು ಹಾಕೋದು ಕಲಿಯುತ್ತಿದ್ದೇವೆ.

ಹೊಸಗಾಳಿ:
ಮೇಷ್ಟ್ರೇ, ಆನೆಗಳನ್ನು ವಾಪಸ್ ಕಳಿಸಿದೆ. ಒಂದೇ ಸಾಲು ಬಂದಿದೆ, ಸರಿಯಾ ಹೇಳಿ: ‘ಕಮಿಟಿಯವರೂಟಕ್ಕೆ ಮೊದಲೋಡಿ ಬಂದು’.

ಲಘುಗುರು:
ಕಮಿಟಿಯವ, ರೂಟಕ್ಕೆ, ಮೊದಲೋಡಿ, ಬಂದು. ಐದು, ಐದು, ಐದು, ನಾಲ್ಕು. ಶಭಾಷ್! ಇನ್ನೆರಡು ಸಾಲು ಬರೆದು ತಾ.

ಕಾಫಿಕಪ್ಪು:
ಸುಮಳಿಗೆ ಎಲ್ಲ ಓದಿ ಹೇಳಿದೆ. ಟೊಮೆಟೊ ತನ್ನ ಫ್ರೆಂಡ್ ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ಹೋಂವರ್ಕಿಗೆ ಮಾತ್ರ ಪ್ಯೂಮಾನೇ ಹಾಕಿದ್ದಾಳೆ, ಟೀಚರಿಗೆ ಸಿಂಹಪ್ರಾಸ ಅರ್ಥ ಮಾಡಿಸೋಕೆ ತನಗೆ ಆಗಲ್ಲವಂತೆ. ಸಿಂಹದ ಬದಲು ಪ್ಯೂಮಾ, ನಷ್ಟವೇನಿಲ್ಲ ಬಿಡಿ.

ಈಗ ಅವಳ ತಮ್ಮ ಬಂದು ಕೂತಿದ್ದಾನೆ. ‘ಚಿಕ್ಕಮ್ಮ, ನನಗೂ ಬೇಕು’ ಅಂತ. ಅವನ ಹೆಸರು ಋತ್ವಿಕ್.

ಲಘುಗುರು:
ಶರಭ. ಅದೂ ‘ತ್ವ’. ಇಂಗ್ಲಿಷಿನಲ್ಲಿ ನಮ್ಮ ‘ತ’ಕಾರವೇ ಇಲ್ಲ, ಇರೋದೆಲ್ಲ ‘ಟ’. ಯಾರಿದ್ದೀರಿ ಮುಂದೆ ಬನ್ನಿ.

ಜೀರುಂಡೆ:
ನನಗೆ ಪೇಪರ್ ತಿದ್ದೋದಿದೆ.

ಕೆಂಪುಮಣ್ಣು:
ಹೊಲಕ್ಕೆ ನೀರು ಬಿಡಬೇಕು.

ಬುಗುರಿ:
ಮೆಮೊ ಬಂತು.