ಲಂಡನ್ ನೈಟ್ಸ್ 2004-05: ಆಟಗಾರನಿಗೆ ತಂಡಕ್ಕಿಂತ ಜಾಸ್ತಿ ಪಾಯಿಂಟ್ ಹೇಗೆ?

ಪ್ರಶ್ನೆ
ನಾವಿರುವುದು ಲಂಡನ್‌ನಲ್ಲಿ, ಕೆನಡಾದ ಒಂಟಾರಿಯೋದ ಲಂಡನ್. ಮಗನನ್ನು ಐಸ್ ಹಾಕಿಗೆ ಸೇರಿಸಿದ ಮೇಲೆ ನನಗೂ ಹುಚ್ಚು ಹಿಡಿದಿದೆ. ರಿಂಕ್‌ನಲ್ಲಿ ಯಾರ ಜೊತೆ ಮಾತಿಗೆ ಕೂತರೂ ಇಲ್ಲಿನ ಜೂನಿಯರ್ ಐಸ್ ಹಾಕಿ ತಂಡ ಲಂಡನ್ ನೈಟ್ಸ್‌ನ 2004-05ರ ಕಥೆ ಬಂದೇ ಬರುತ್ತದೆ. ಹಳೆಯ ಅಂಕಿ ಅಂಶ ತೆಗೆದು ನೋಡಿದೆ. 68 ಆಟ, 59 ಗೆಲುವು, 7 ಸೋಲು, 2 ಡ್ರಾ, ಒಟ್ಟು 120 ಪಾಯಿಂಟ್. ಆದರೆ ಆ ತಂಡದ ಆಟಗಾರ ಕೋರಿ ಪೆರ್ರಿ ಒಬ್ಬನ ಹೆಸರಿನ ಮುಂದೆಯೇ 130 ಇದೆ! ಅಂದ್ರೆ ಇಡೀ ತಂಡವನ್ನು ಅವನೇ ಹೊತ್ತಿದ್ದನಾ?

ಉತ್ತರ 1
ಎರಡೂ ಬೇರೆ ಲೆಕ್ಕ. ತಂಡಕ್ಕೆ ಗೆದ್ದರೆ 2, ಡ್ರಾ ಆದರೆ 1. ಆಟಗಾರನಿಗೆ ಗೋಲಿಗೆ 1, ಅಸಿಸ್ಟಿಗೂ 1. ಪೆರ್ರಿಯದು 47 ಗೋಲು, 83 ಅಸಿಸ್ಟ್. ಅಸಿಸ್ಟ್ ಅಂದ್ರೆ ಗೋಲಿಗೆ ದಾರಿ ಮಾಡಿಕೊಟ್ಟಿದ್ದು; ಒಂದು ಗೋಲಿಗೆ ಮುಂಚೆ ಪಕ್ (ಆಡುವ ರಬ್ಬರ್ ಬಿಲ್ಲೆ) ಮುಟ್ಟಿಸಿದ ಇಬ್ಬರಿಗೂ ಅದು ಸಿಗಬಹುದು. ಆ 83 ನನಗೆ 47ಕ್ಕಿಂತ ಇಷ್ಟ, ಯಾಕಂದ್ರೆ ಅಷ್ಟು ಸಲ ಅವನು ಬೇರೆಯವರ ಕೈಯಲ್ಲಿ ಗೋಲು ಹೊಡೆಸಿದ್ದಾನೆ.

ಉತ್ತರ 2
ಗೋಲು ಹೊಡೆದವರನ್ನೇ ನೋಡಬೇಡಿ, ಬಿಟ್ಟುಕೊಟ್ಟ ಗೋಲುಗಳ ಕಾಲಂ ನೋಡಿ. ಹೊಡೆದಿದ್ದು 310, ಬಿಟ್ಟಿದ್ದು ಬರೀ 125. ಆಟಕ್ಕೆ ಎರಡೂ ಇಲ್ಲ! ಹದಿನಾರರಿಂದ ಇಪ್ಪತ್ತರ ಹುಡುಗರ ಲೀಗಿನಲ್ಲಿ ಇದು ತುಂಬಾ ದೊಡ್ಡ ಮಾತು. ಸೀಸನ್ನಿನ ಮೊದಲ 31 ಆಟ ಸೋಲೇ ಇಲ್ಲ, 29 ಗೆಲುವು, ಆ 2 ಡ್ರಾ ಎರಡೂ ಅಲ್ಲೇ. ಏಳೂ ಸೋಲು ಬಂದಿದ್ದು ಉಳಿದ 37ರಲ್ಲಿ. ಆ ವರ್ಷ ಮಾಲೀಕರ ಲಾಕೌಟ್‌ನಿಂದ ದೊಡ್ಡವರ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಪೂರ್ತಿ ನಿಂತಿತ್ತು, ಹಾಗಾಗಿ ಒಳ್ಳೆಯ ಹುಡುಗರು ಜೂನಿಯರ್‌ನಲ್ಲೇ ಉಳಿದರು ಅನ್ನುವುದನ್ನೂ ಸೇರಿಸಿಕೊಳ್ಳಬೇಕು. ಆದರೆ ಆ ಅನುಕೂಲ ಎದುರಾಳಿಗಳಿಗೂ ಇತ್ತಲ್ವಾ? ಜೂನಿಯರ್ ತಂಡಗಳ ಅತಿ ದೊಡ್ಡ ಟ್ರೋಫಿ ಮೆಮೋರಿಯಲ್ ಕಪ್‌ನ 2005ರ ಫೈನಲ್‌ನಲ್ಲಿ ಎದುರಿಗಿದ್ದಿದ್ದು, ಮುಂದೆ ಎನ್‌ಎಚ್‌ಎಲ್ ತಾರೆಯಾದ ಸಿಡ್ನಿ ಕ್ರಾಸ್ಬಿಯ ರಿಮೂಸ್ಕಿ ತಂಡ. ಸ್ಕೋರ್ 4-0. ಕ್ರಾಸ್ಬಿ ಇದ್ದ ತಂಡಕ್ಕೆ ಒಂದು ಗೋಲೂ ಇಲ್ಲ. ಇದನ್ನು ಒಬ್ಬ ಪೆರ್ರಿಯಿಂದ ಮಾಡೋಕೆ ಆಗಲ್ಲ.

ಪ್ರಶ್ನೆ ಕೇಳಿದವರು
ಈಗ ಅರ್ಥವಾಯಿತು, ಥ್ಯಾಂಕ್ಸ್. ಇವತ್ತು ಬೆಳಗ್ಗೆ ಮಗನ ಆಟದಲ್ಲಿ ಪಕ್ ಬಿಟ್ಟು ಹುಡುಗರನ್ನೇ ನೋಡಿದೆ. ಪಕ್ ಕೈತಪ್ಪಿದ ತಕ್ಷಣ ನಾಲ್ವರು ಅಲ್ಲೇ ನಿಂತರು, ಒಬ್ಬಳು ಪುಟ್ಟ ಹುಡುಗಿ ಮಾತ್ರ ಗಕ್ಕನೆ ತಿರುಗಿ ತನ್ನ ಗೋಲಿನ ಕಡೆ ಸ್ಕೇಟ್ ಮಾಡಿಕೊಂಡು ಹೋಗಿ ಕೋಲು ಅಡ್ಡ ಹಾಕಿದಳು. ಅಂಕಿಪಟ್ಟಿಯಲ್ಲಿ ಅವಳಿಗೆ ಏನೂ ಬರಲಿಲ್ಲ. ನಾನಂತೂ ಎದ್ದು ನಿಂತು ಚಪ್ಪಾಳೆ ಹೊಡೆದೆ.