ಅಡಿಕೆ ತೋಟದಲ್ಲಿ ಸಾಂಬಾರ ಬೆಳೆ: ಮಣ್ಣು, ನೀರಿಗೆ ನಿಜವಾಗಿ ಅನುಕೂಲ ಆಗಬೇಕಾದರೆ ಏನು ಮಾಡಬೇಕು?

ಹೊಳೆಬದಿ
ಸಿದ್ದಾಪುರ ಕಡೆಯ ಎರಡು ಎಕರೆ ಜಾಗದ ಬಗ್ಗೆ ಸಲಹೆ ಬೇಕಿತ್ತು. ಕೆಳಗೆ ಒಂದೂವರೆ ಎಕರೆ ಅಡಿಕೆ, 9×9 ಅಡಿ ಅಂತರ, ಹದಿನೈದು ವರ್ಷದ ಮರಗಳು. ಮೇಲೆ ಅರ್ಧ ಎಕರೆ ಇಳಿಜಾರು, ಖಾಲಿ. ತೋಟಕ್ಕೆ ಸೊಪ್ಪು ತರೋಕೆ ಸೊಪ್ಪಿನ ಬೆಟ್ಟ ಇಲ್ಲ. ತೋಟದ ನೆಲ ಕಳೆನಾಶಕದಿಂದ ಬೋಳಾಗಿದೆ. ಮಳೆಗಾಲದಲ್ಲಿ ಕಾದಿಗೆ (ಬಸಿಗಾಲುವೆ) ತುಂಬ ಕೆಂಪು ನೀರು, ಮಾರ್ಚ್ ಬಂತೆಂದರೆ ಬಾವಿ ತಳ ಕಾಣುತ್ತೆ. ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ ಸೇರಿಸಿದರೆ ತೋಟ ಕಾಡಿನ ಹಾಗಾಗುತ್ತೆ, ಮಣ್ಣು ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಶ್ನೆ ಮೂರು. ಒಂದು, ಗಿಡ ಹೆಚ್ಚಾದ ಮಾತ್ರಕ್ಕೆ ಮಣ್ಣು ಉಳಿಯುತ್ತಾ? ಎರಡು, ನೆರಳು ಜಾಸ್ತಿಯಾಗಿ ಅಡಿಕೆಯ ಕೊಳೆ (ಕಾಯಿ ಕೊಳೆತು ಉದುರುವ ರೋಗ), ಮೆಣಸಿನ ಸೊರಗು ರೋಗ ಏರಲ್ವಾ? ಮೂರು, ಮೇಲಿನ ಅರ್ಧ ಎಕರೆಗೆ ಏನು ಹಾಕೋದು?

ದರಕು
ಮೊದಲನೆಯದಕ್ಕೆ ಉತ್ತರ: ಇಲ್ಲ. ಮಣ್ಣು ಉಳಿಸೋದು ಗಿಡಗಳ ಸಂಖ್ಯೆ ಅಲ್ಲ, ನೆಲದ ಮೇಲಿನ ಹೊದಿಕೆ.

ಅಡಿಕೆ ಮರದ ತಲೆ ನೆಲದಿಂದ ಮೂವತ್ತು ನಲವತ್ತು ಅಡಿ ಮೇಲಿರುತ್ತೆ. ಸೋಗೆಯ ತುದಿಯಲ್ಲಿ ನೀರು ಕೂಡಿಕೊಂಡು ಬೀಳುವ ಹನಿ ಮಳೆಹನಿಗಿಂತ ದಪ್ಪ. 8-9 ಮೀಟರ್ ಎತ್ತರದಿಂದ ಬಿದ್ದರೆ ಅದು ಹೆಚ್ಚುಕಡಿಮೆ ತನ್ನ ಪೂರ್ಣ ವೇಗ ಪಡೆದೇ ನೆಲ ಮುಟ್ಟುತ್ತೆ. ಹಾಗಾಗಿ ಎತ್ತರದ ಮರ ಇದ್ದು ಕೆಳಗೆ ಬೋಳು ನೆಲ ಇದ್ದರೆ ಬಯಲಿಗಿಂತ ಹೆಚ್ಚು ಏಟು ಬೀಳಬಹುದು. ಮೆಣಸಿನ ಬಳ್ಳಿ ಮರಕ್ಕೇ ಅಂಟಿಕೊಂಡಿರುತ್ತೆ, ಸಾಲಿನ ನಡುವಿನ ನೆಲಕ್ಕೆ ಅದರಿಂದ ರಕ್ಷಣೆ ಇಲ್ಲ. ಆ ಏಟು ತಡೆಯೋದು ಮೊಣಕಾಲು, ಸೊಂಟದ ಎತ್ತರದ ಗಿಡ ಮತ್ತು ದರಕು (ಉದುರಿದ ಒಣ ಎಲೆ), ಈ ಎರಡೇ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಕಳೆನಾಶಕ ನಿಲ್ಲಿಸೋದರಿಂದ. ಕಳೆ ಕೊಚ್ಚುವ ಯಂತ್ರದಲ್ಲಿ ಮೂರ್ನಾಲ್ಕು ಇಂಚು ಬಿಟ್ಟು ಸವರಿ, ಬೇರು ಕೀಳಬೇಡಿ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತೆ. ನಿಮ್ಮ ಅಂತರಕ್ಕೆ ಎಕರೆಗೆ ಸುಮಾರು 540 ಮರ, ಅಂದರೆ ಮೂರು ಸಾವಿರಕ್ಕೂ ಮೀರಿ ಸೋಗೆ. ಅದನ್ನು ಒಟ್ಟುಮಾಡಿ ಸುಡಬೇಡಿ. ಎರಡಡಿ ತುಂಡು ಮಾಡಿ ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ ಹಾಸಿ. ದಂಟಿನ ದಪ್ಪ ಭಾಗ ಕರಗೋಕೆ ಹೊತ್ತು ಹಿಡಿಯುತ್ತೆ, ಅದು ಸಣ್ಣ ಒಡ್ಡಿನ ಹಾಗೆ ನೀರು ತಡೆಯುತ್ತೆ. ಹಾಸು ಮೂರು ನಾಲ್ಕು ಇಂಚು ದಪ್ಪ ಇರಲಿ. ಮೆಣಸಿನ ಬುಡಕ್ಕೆ ಮಾತ್ರ ತಾಗಿಸಬೇಡಿ, ಒಂದು ಗೇಣು ಬಿಡಿ.

ಕಾದಿಗೆಯ ಆಳ ಗಿಡ ನೆಟ್ಟ ಆಳಕ್ಕಿಂತ ಅರ್ಧದಿಂದ ಒಂದಡಿ ಹೆಚ್ಚು ಇರಬೇಕು. ಆದರೆ ನೇರ ಹೊಳೆಗೆ ಬಿಡಬೇಡಿ. ತೋಟದಿಂದ ಹೊರಬೀಳುವ ಮುಂಚೆ ಮೂರಡಿ ಚೌಕದ ಹೂಳುಗುಂಡಿ ಒಂದಿರಲಿ. ಅಲ್ಲಿ ನಿಂತ ಹೂಳು ದೀಪಾವಳಿ ಹೊತ್ತಿಗೆ ಮತ್ತೆ ಬರಣಕ್ಕೆ (ಮರಗಳಿರುವ ಮಡಿಗೆ) ಏರಿಸಿ. ದರೆ (ಗುಡ್ಡದ ಕಡಿದಾದ ಮಣ್ಣಿನ ಅಂಚು) ಕಡಿದು ಹೊಸಮಣ್ಣು ತರುವ ಖರ್ಚು ಅಷ್ಟರ ಮಟ್ಟಿಗೆ ಇಳಿಯುತ್ತೆ, ಗುಡ್ಡವೂ ಉಳಿಯುತ್ತೆ.

ಫಲ ಸಿಕ್ಕಿತೋ ಇಲ್ಲವೋ ನೋಡೋಕೆ ಪ್ರಯೋಗಾಲಯ ಬೇಡ. ಜುಲೈನಲ್ಲಿ ಜೋರು ಮಳೆ ಬರುವಾಗ ಕಾದಿಗೆಯ ನೀರನ್ನು ಒಂದು ಲೀಟರ್ ಗಾಜಿನ ಬಾಟಲಿಗೆ ತುಂಬಿ ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ನಿಂತ ಮಣ್ಣಿನ ದಪ್ಪಕ್ಕೆ ಗೆರೆ ಹಾಕಿ. ಹಾಸು ಹಾಕಿದ ಭಾಗ, ಹಾಕದ ಭಾಗ ಎರಡರದ್ದೂ ಒಂದೇ ದಿನ ಹಿಡಿಯಿರಿ. ಆ ಗೆರೆ ನೋಡಿದವರು ಮತ್ತೆ ಬೋಳು ನೆಲ ಬಿಡಲ್ಲ.

ಕಾನುತೋಟ
ದರಕು ಅವರು ಹೇಳಿದ್ದು ಸರಿ. ನೆರಳು ಮತ್ತು ರೋಗದ ವಿಷಯ ನಾನು ಬರೀತೀನಿ.

ಕೊಳೆ ಬರೋದು ಬಿಡದ ಮಳೆಯಿಂದ. ನೆರಳು ಅದಕ್ಕೆ ಮೂಲ ಅಲ್ಲ, ಆದರೆ ಗಾಳಿ ಆಡದಿದ್ದರೆ ಗೊನೆ ಒಣಗಲ್ಲ, ರೋಗ ಹಬ್ಬುತ್ತೆ. ಹಾಗಾಗಿ ಲೆಕ್ಕ ಹಾಕಿ ನೆಡಬೇಕು. ನಾಲ್ಕು ಅಡಿಕೆ ಮರದ ನಡುವಿನ ಪ್ರತಿ ಜಾಗಕ್ಕೂ ಒಂದು ಜಾಯಿಕಾಯಿ ಇಟ್ಟವರ ತೋಟ ಹತ್ತು ವರ್ಷಕ್ಕೆ ಗುಹೆ ಆಗುತ್ತೆ. ಎರಡು ಬಿಟ್ಟು ಮೂರನೆಯ ಜಾಗಕ್ಕೆ ನೆಟ್ಟರೆ 27 ಅಡಿ ಅಂತರ, ಎಕರೆಗೆ 60 ಗಿಡ. ಅಷ್ಟು ಸಾಕು, ಅದಕ್ಕಿಂತ ಕಡಿಮೆಯಾದರೂ ನಷ್ಟವಿಲ್ಲ. ಜಾಯಿಕಾಯಿಯಲ್ಲಿ ಗಂಡು ಹೆಣ್ಣು ಗಿಡ ಬೇರೆ ಬೇರೆ. ಬೀಜದ ಸಸಿ ಹಾಕಿದರೆ ಸುಮಾರು ಅರ್ಧ ಗಂಡಾಗುತ್ತೆ, ಗೊತ್ತಾಗೋಕೆ ಆರೇಳು ವರ್ಷ ಕಾಯಬೇಕು. ಕಸಿ ಗಿಡ ತನ್ನಿ, ಹತ್ತು ಹೆಣ್ಣಿಗೆ ಒಂದು ಗಂಡು.

ಮೆಣಸಿಗೆ ಹದಿನೈದು ವರ್ಷದ ಮರ ಧಾರಾಳ ಸಾಕು. ಬಳ್ಳಿಯನ್ನು ಮರದ ಉತ್ತರ ಬದಿಗೆ, ಒಂದೂವರೆ ಎರಡು ಅಡಿ ದೂರ ನೆಟ್ಟು ಓರೆಯಾಗಿ ಮರಕ್ಕೆ ಹತ್ತಿಸಿ. ಪಣಿಯೂರು-1 ಬಿಸಿಲು ಕೇಳುವ ತಳಿ, ಗಟ್ಟಿ ನೆರಳಲ್ಲಿ ಕರೆ (ಮೆಣಸಿನ ತೆನೆ) ಕಡಿಮೆ. ಕರಿಮುಂಡ ನೆರಳಿಗೆ ಒಗ್ಗುತ್ತೆ, ನಮ್ಮ ಕಡೆಯ ಮಲ್ಲಿಗೆಸರವನ್ನೂ ಬಿಡಬೇಡಿ. ಒಂದೇ ತಳಿ ತುಂಬಿಸಬೇಡಿ.

ಶೀಘ್ರ ಸೊರಗು ಬರುವ ದಾರಿ ನೋಡಿ: ಮಣ್ಣಿನಲ್ಲಿರುವ ಶಿಲೀಂಧ್ರ ಮಳೆಹನಿ ಸಿಡಿದಾಗ ಕೆಳಗಿನ ಎಲೆಗೆ, ನೆಲಕ್ಕೆ ಹರಿದ ಹಬ್ಬುಬಳ್ಳಿಗೆ ಹತ್ತುತ್ತೆ. ಅಲ್ಲಿಂದ ಮೇಲಕ್ಕೆ. ಎಲೆಯ ಮೇಲೆ ಅಂಚು ಗರಿಗರಿಯಾಗಿರುವ ಕಪ್ಪು ಚುಕ್ಕೆ ಕಂಡರೆ ಅದೇ. ಮೇ ಕೊನೆಗೆ ಹಬ್ಬುಬಳ್ಳಿ ಕತ್ತರಿಸಿ ಇಲ್ಲವೇ ಮರಕ್ಕೆ ಎತ್ತಿ ಕಟ್ಟಿ. ಹಾಸು ಇದ್ದಲ್ಲಿ ಮಣ್ಣು ಸಿಡಿಯೋದೇ ಕಡಿಮೆ, ಮಣ್ಣು ಉಳಿಸುವ ಕೆಲಸವೇ ರೋಗ ತಡೆಯುವ ಕೆಲಸವೂ ಹೌದು. ಮಳೆಗಾಲದಲ್ಲಿ ಬುಡ ಅಗೆಯಬೇಡಿ, ಗಾಯವಾದ ಬೇರಿಗೆ ರೋಗ ಬೇಗ ಇಳಿಯುತ್ತೆ.

ಏಲಕ್ಕಿ ಬೇಸಿಗೆಯಲ್ಲೂ ತೇವ ನಿಲ್ಲುವ ತಗ್ಗಿಗೆ ಮಾತ್ರ. ಬಾವಿ ಮಾರ್ಚ್‌ಗೇ ಬತ್ತೋದಾದರೆ ಈಗಲೇ ಬೇಡ, ಎರಡು ಮೂರು ವರ್ಷ ನೆಲ ಸುಧಾರಿಸಲಿ. ಏಲಕ್ಕಿಯ ಕಟ್ಟೆ ರೋಗ (ವೈರಸ್ ರೋಗ) ಹರಡುವ ಗಿಡಹೇನು ಕೆಸುವಿನ ಮೇಲೂ ಇರುತ್ತೆ, ಆದ್ದರಿಂದ ಏಲಕ್ಕಿ ಪಕ್ಕ ಕೆಸು ಬೆಳೆಯೋಕೆ ಬಿಡಬೇಡಿ. ಎಳೆ ಎಲೆಯಲ್ಲಿ ತಿಳಿಹಸಿರು ಗೀಟು ಕಂಡ ಹಿಂಡನ್ನು ಬೇರು ಸಮೇತ ಕಿತ್ತು ಹೊರಹಾಕಿ, ಅದಕ್ಕೆ ಔಷಧಿ ಇಲ್ಲ. ಮೆಣಸಿನ ಪರಾಗಕ್ಕೆ ಮಳೆಹನಿ ಸಾಕು, ಏಲಕ್ಕಿಗೆ ಜೇನು ಬೇಕೇ ಬೇಕು. ಹೂ ಒಂದೇ ದಿನದ್ದು, ಬೆಳಿಗ್ಗೆ ಅರಳುತ್ತೆ. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೆದರೆ ಆ ವರ್ಷದ ಕಾಯಿಯೇ ಹೋಯ್ತು.

ಕೆಂಪುದರೆ
ಸುಳ್ಯ ಕಡೆಯವ ನಾನು. ಮಾರಾಯ್ರೆ, ಒಂದು ಸಂಗತಿ ಯಾರೂ ಎತ್ತಲಿಲ್ಲ, ತಾಮ್ರ. ಮಿಶ್ರ ತೋಟ ಪರಿಸರಕ್ಕೆ ಒಳ್ಳೇದು ಅಂತ ಹೇಳಿ ಅಡಿಕೆಗೂ ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ಮದ್ದು), ಮೆಣಸಿಗೂ ಬೋರ್ಡೋ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿದರೆ ನೆಲದ ಗತಿ ಏನು?

ಲೆಕ್ಕ ಹಾಕಿ. ಶೇ. 1ರ ದ್ರಾವಣ ಅಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ 800 ಲೀಟರ್ ಹೊಡೆದರೆ 2 ಕೆ.ಜಿ. ತಾಮ್ರ, ಮೂರು ಸಲಕ್ಕೆ 6 ಕೆ.ಜಿ. ಅದು ಕರಗಿ ಮಾಯ ಆಗುವ ವಸ್ತು ಅಲ್ಲ. ದರಕು ಕೊಳೆತ ಮೇಲ್ಮಣ್ಣಿಗೇ ಕಚ್ಚಿ ಕೂರುತ್ತದೆ, ಎರೆಹುಳಕ್ಕೆ ಅದು ವಿಷ.

ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ನಿಲ್ಲಿಸಿ ಅಂತ ಹೇಳುವುದಿಲ್ಲ, ಕೊಳೆ ಬಂದರೆ ಫಸಲೇ ಇಲ್ಲ. ಆದರೆ ಹೊಡೆಯುವುದನ್ನು ಸರಿಯಾಗಿ ಹೊಡೆಯಿರಿ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಉಜ್ಜಿದ ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆ ಎಲೆ ಸುಡುತ್ತದೆ. ಅದೇ ದಿನ ಖಾಲಿ ಮಾಡಿ, ನಿಂತ ಮದ್ದು ಮರುದಿನ ಅಂಟುವುದಿಲ್ಲ.

ಮೆಣಸಿನ ಬುಡಕ್ಕೆ ಮಾತ್ರ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ನೋಡಿ. 90 ಕೆ.ಜಿ. ಹಳೇ ಹಟ್ಟಿಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ ಪುಡಿ, ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ನೀರು. ನೆರಳಲ್ಲಿ ಗೋಣಿ ಮುಚ್ಚಿ ಹದಿನೈದು ದಿವಸ ಇಡಿ, ನಡುವೆ ಎರಡು ಮೂರು ಸಲ ಮಗುಚಿ. ಮೇಲೆ ಬಿಳಿ, ಹಸಿರು ಬೂಸು ಬಂದರೆ ತಯಾರು. ಮೊದಲ ಮಳೆಗೆ ಬಳ್ಳಿಗೆ ಒಂದೆರಡು ಕೆ.ಜಿ. ಹಾಕಿ. ತಾಮ್ರದ ಮದ್ದಿಗೂ ಇದಕ್ಕೂ ಕಡಿಮೆಯೆಂದರೆ ಹದಿನೈದು ಇಪ್ಪತ್ತು ದಿವಸ ಅಂತರ ಇರಲಿ, ಇಲ್ಲದಿದ್ದರೆ ನೀವೇ ಹಾಕಿದ್ದನ್ನು ನೀವೇ ಕೊಂದ ಹಾಗೆ.

ಹೊಳೆಬದಿ
ಇಷ್ಟು ವಿವರ ಕೊಟ್ಟಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೇಲಿನ ಅರ್ಧ ಎಕರೆಗೆ ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸಿ ಅಂತ ಒಬ್ಬರ ಸಲಹೆ. ಉಪ್ಪಾಗೆ (ಹುಳಿ ಸಿಪ್ಪೆಯ ಹಣ್ಣಿನ ಮರ) ಹಾಕಿ ಅಂತ ಇನ್ನೊಬ್ಬರು. ಯಾವುದು ಸರಿ?

ದರಕು
ಸಿಲ್ವರ್ ಓಕ್ ನೇರ ಬೆಳೆಯುತ್ತೆ, ಕೊಡಗು ಚಿಕ್ಕಮಗಳೂರಿನಲ್ಲಿ ಮೆಣಸಿಗೆ ಅದೇ ಆಸರೆ. ಆದರೆ ಆಸ್ಟ್ರೇಲಿಯಾ ಮೂಲದ ಮರ, ಎಲೆ ನಿಧಾನ ಕೊಳೆಯುತ್ತೆ, ಹಕ್ಕಿಗೆ ತಿನ್ನೋಕೆ ಹಣ್ಣಿಲ್ಲ. ಬೇಲಿಗೆ ಹತ್ತಿಪ್ಪತ್ತು ಇರಲಿ. ಮೆಣಸಿಗೆ ಹಲಸು, ಹೆಬ್ಬಲಸು ಒಳ್ಳೆಯ ಆಸರೆ. ನಂದಿಯ ಹಾಗೆ ತೊಗಟೆ ಸುಲಿಯುವ ಮರಕ್ಕೆ ಬಳ್ಳಿ ಬಿಡಬೇಡಿ, ತೊಗಟೆ ಜೊತೆ ಬಳ್ಳಿಯೂ ಜಾರುತ್ತೆ.

ಉಪ್ಪಾಗೆಗಿಂತ ನಾನು ಮುರುಗಲಿಗೆ (ಕೋಕಂ) ಮತ ಹಾಕ್ತೀನಿ. ಉಪ್ಪಾಗೆ ಹಣ್ಣಾಗೋದು ಮಳೆಗಾಲದಲ್ಲಿ, ಸಿಪ್ಪೆ ಒಣಗಿಸೋಕೆ ರಾಶಿ ಕಟ್ಟಿಗೆ ಬೇಕು. ಮರ ಬೆಳೆಸಿ ಕಾಡು ಸುಟ್ಟಂತಾಗಬಾರದು. ಮುರುಗಲು ಏಪ್ರಿಲ್, ಮೇ ಬಿಸಿಲಿಗೇ ಒಣಗುತ್ತೆ, ಮಳೆ ಹಿಡಿಯೋ ಮುಂಚೆ ಕೊಯ್ಲು ಮುಗಿಸಿದರಾಯ್ತು. ಇದರಲ್ಲೂ ಗಂಡು ಹೆಣ್ಣು ಬೇರೆ, ಕಸಿ ಗಿಡ ತನ್ನಿ. ನಡುವೆ ದಾಲ್ಚಿನ್ನಿ ಹಾಕಿ, ಬುಡ ಕತ್ತರಿಸಿದಷ್ಟೂ ಚಿಗುರುತ್ತೆ, ಬೇರು ಮಣ್ಣು ಬಿಡಲ್ಲ.

ಸೊಪ್ಪಿನ ಬೆಟ್ಟ ಇಲ್ಲ ಅಂದಿರಲ್ಲ, ಸುತ್ತ ಬೇಲಿಗೆ ಎರಡು ಮೂರು ಅಡಿಗೊಂದರಂತೆ ಗ್ಲಿರಿಸಿಡಿಯಾ ಗೂಟ ನೆಡಿ. ಗೂಟ ಮೂರು ನಾಲ್ಕಡಿ ಉದ್ದ, ಮೇ ಕೊನೆಗೆ. ಎರಡನೇ ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸವರಿ ಸೊಪ್ಪನ್ನು ಕೆಳಗಿನ ತೋಟಕ್ಕೆ ಹಾಕಬಹುದು. ಬೇರೆಯವರ ಬೆಟ್ಟದಿಂದ ಸೊಪ್ಪು ತಂದರೆ ನಮ್ಮ ತೋಟದ ಫಲವತ್ತು ಅವರ ಗುಡ್ಡದ ನಷ್ಟ.

ಕಾನುತೋಟ
ಬಾವಿ ಬೇಗ ಬತ್ತೋದಕ್ಕೆ ಮೇಲಿನ ಇಳಿಜಾರಿನಲ್ಲಿ ಮಳೆನೀರು ಇಂಗಿಸುವ ಗುಂಡಿ ತೆಗೆಯಬಹುದು, ಅದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಸೇರಿಸ್ತೀನಿ. ಇಳಿಜಾರಿಗೆ ಅಡ್ಡ ಹತ್ತಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಆಳದ ತುಂಡು ತುಂಡು ಕಂದಕ ತೆಗೆಯಿರಿ, ಮೇಲಿನ ಸಾಲಿನ ಸಂದಿಗೆ ಕೆಳಗಿನದು ಬರುವಂತೆ. ಮಣ್ಣು ಕೆಳಬದಿಗೆ ಏರಿಸಿ, ಏರಿಯ ಮೇಲೆ ಅರ್ಧ ಅಡಿಗೊಂದು ಲಾವಂಚದ ಬುಡ. ಆದರೆ ತೋಟದ ಮೇಲೆ ಕಡಿದಾದ ದರೆ ಇದ್ದರೆ ಅದರ ಅಂಚಿನಿಂದ ಹದಿನೈದು ಅಡಿ ಒಳಗೆ ಒಂದೂ ಗುಂಡಿ ಬೇಡ. ಆಗಸ್ಟ್‌ನಲ್ಲಿ ಅಲ್ಲಿ ಇಂಗಿದ ನೀರೇ ದರೆಯನ್ನು ತೋಟಕ್ಕೆ ಕೆಡವುತ್ತೆ. ಆ ಪಟ್ಟಿಗೆ ಹುಲ್ಲು, ಲಾವಂಚ ಮಾತ್ರ ಬಿಟ್ಟು, ಮೇಲಿನಿಂದ ಬರುವ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ದರೆಯ ಎತ್ತರ ಎಷ್ಟಿದೆ, ಮಣ್ಣು ಜಂಬಿಟ್ಟಿಗೆಯೋ ಜೇಡಿಯೋ ಬರೆಯಿರಿ, ಗುಂಡಿಯ ಜಾಗ ಅದರ ಮೇಲೆ ನಿಶ್ಚಯ ಮಾಡೋಣ.