ನೆರೆ ಸಂತ್ರಸ್ತರಿಗೆ ಮನಿ, ಖೋಲಿ, ಮೇವು ಕೊಡೋರು ಕೇಳಿದ್ದು, ಸಂಯೋಜಕಿ ಹೇಳಿದ್ದು

ಅಡ್ಮಿನ್: ಹಿಡಕಲ್ ಜಲಾಶಯದ ಹೊರಹರಿವಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಕೂಡಿ ಘಟಪ್ರಭಾ ದಂಡಿಯ ಊರುಗಳಿಗೆ ನೀರು ಹೊಕ್ಕದ. ಗೋಕಾಕ, ಮೂಡಲಗಿ, ಮುಧೋಳ ಭಾಗದ ಕಾಳಜಿ ಕೇಂದ್ರಗಳು ತುಂಬ್ಯಾವ. ಮನಿ ಕೊಡ್ತೀವಿ ಅಂತ ಭಾಳ ಮಂದಿ ಬರ್ಯಾಕತ್ತೀರಿ. ಕೊಡೋರನ್ನೂ ಬೇಕಾದವರನ್ನೂ ಕೂಡಿಸೋ ಕೆಲಸದ ಸಂಯೋಜಕಿ ಮೇಡಂ ಇಲ್ಲಿ ಉತ್ತರ ಕೊಡ್ತಾರ.

ಟಿಳಕವಾಡಿ, ಬೆಳಗಾವಿ: ನಮಸ್ಕಾರ ಮೇಡಂ. ನಮ್ಮದು 10×12 ಖೋಲಿ ಖಾಲಿ ಐತಿ. ಹತ್ತು ಮಂದಿ ಆರಾಮ ಇರಬಹುದು. ಯಾರನ್ನರ ಕಳಸ್ರಿ.

ಸಂಯೋಜಕಿ: ನಮಸ್ಕಾರ ಸರ್. 120 ಚದರಡಿಯೊಳಗ ಹತ್ತು ಮಂದಿ ಒಂದು ರಾತ್ರಿ ಕಳೀಬಹುದು, ಹದಿನೈದು ದಿನ ಬಾಳೇ ಮಾಡಲಿಕ್ಕೆ ಆಗೂದಿಲ್ಲ. ಒಬ್ಬರಿಗೆ 3.5 ಚದರ ಮೀಟರ್, ಅಂದ್ರ ಸುಮಾರು 38 ಚದರಡಿ ಹಿಡೀತೀವಿ. ನಿಮ್ಮ ಖೋಲಿಗೆ ಮೂರು ಮಂದಿ. ಬಾಣಂತಿ, ಕೂಸು, ಅತ್ತಿ ಇರೋ ಮನೆತನಕ್ಕೆ ಚಲೋ ಆಗ್ತದ. ಎಷ್ಟನೇ ಮಾಳಿಗಿ, ಸಂಡಾಸು ಒಳಗೋ ಹೊರಗೋ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ, ಒಲಿ ಹಚ್ಚಲಿಕ್ಕೆ ಜಾಗ ಅದ ಏನು, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಇಷ್ಟು ಬರೀರಿ. ತಾರೀಖು ಇಲ್ಲದ ಖೋಲಿ ಯಾದಿಗೆ ಹಚ್ಚೂದಿಲ್ಲ. ಮೊದಲನೇ ವಾರ ಎಲ್ಲಾರೂ ಪ್ರೀತಿಯಿಂದ ಇಟ್ಕೋತಾರ, ಮೂರನೇ ವಾರಕ್ಕ ಮಾರಿ ಬಾಡ್ತದ. ತಾರೀಖು ಮೊದಲೇ ಗೊತ್ತಿದ್ರ ಇಬ್ಬರಿಗೂ ಸಂಕೋಚ ಇಲ್ಲ.

ಹುಕ್ಕೇರಿ ತಮ್ಮ: ಹಳೀ ಅರಿಬಿ ನಾಕು ಚೀಲ ಅದಾವ. ಎಲ್ಲಿ ಕೊಡೂದ್ರಿ ಅಕ್ಕಾರ?

ಸಂಯೋಜಕಿ: ಹಳೀ ಅರಿಬಿ ಬ್ಯಾಡ್ರಿ. ಕೇಂದ್ರದ ಬಾಗಿಲಿಗೆ ಒಟ್ಟಿ ಮಳಿಗೆ ತೋಯ್ದು ನಾರ್ತಾವ. ಹೊಸಾ ಒಳ ಉಡುಪು, ಲಂಗ, ಚಾದರ, ಚಾಪಿ, ಮುಚ್ಚಳ ಇರೋ ಬಕೀಟು, ಸ್ಯಾನಿಟರಿ ಪ್ಯಾಡ್ ಬೇಕು.

ಗೋಕಾಕ ಅಂಗಡಿಯವರು: ಊಟ ಕಳಸ್ತೀವಿ ಮೇಡಂ, ಪಲಾವು, ದಿನಾ 300 ಮಂದಿಗೆ.

ಸಂಯೋಜಕಿ: ಕೇಂದ್ರದಾಗ ಅಡಿಗಿ ನಡದದ. ಮುಂಜಾನೆ ಬೇಯಿಸಿದ ಪಲಾವು ನೀರು ದಾಟಿ ಮುಟ್ಟೂದ್ರಾಗ ಹಳಸ್ತದ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡ್ರಿ. ರೊಟ್ಟಿ ಪೂರ್ತಿ ಆರಿಸಿ ಕಾಗದದಾಗ ಸುತ್ರಿ. ಬಿಸಿ ಇದ್ದಾಗ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ರ ಬೆವತು ಎರಡನೇ ದಿನ ಬೂಜು ಬರ್ತದ.

ಜಮಖಂಡಿ ಶಿಕ್ಷಕರು: ನಮ್ಮ ಮ್ಯಾಲಿನ ಮನಿ ಒಂದು ತಿಂಗಳು ಕೊಡ್ತೀನಿ. ಎರಡು ಖೋಲಿ, ಸಂಡಾಸು ಬ್ಯಾರೆ. ಸಸ್ಯಾಹಾರಿಗಳು ಮಾತ್ರ.

ಮುಧೋಳ ಹುಡುಗ: ಗುರುಗಳ, ಇದು ಜಾತಿ ಕೇಳೂದಕ್ಕ ಇನ್ನೊಂದು ದಾರಿ ಅಲ್ಲೇನ್ರಿ?

ಜಮಖಂಡಿ ಶಿಕ್ಷಕರು: ನಮ್ಮ ಮನಿ, ನಮ್ಮ ಪದ್ಧತಿ. ಬಾಡಿಗಿ ತಗೋಳಾಕತ್ತಿಲ್ಲಲ್ಲ.

ಮುಧೋಳ ಹುಡುಗ: ಪುಕ್ಕಟೆ ಕೊಟ್ರ ಏನರ ಕೇಳಬಹುದೇನು? ನೀರು ಹೊಕ್ಕಾಗ ಯಾರ ಮನಿ ಅಂತ ಕೇಳಿ ಹೊಕ್ಕೈತೇನು?

ಟಿಳಕವಾಡಿ, ಬೆಳಗಾವಿ: ಕೊಡೋರನ್ನ ಬೈದ್ರ ನಾಳೆ ಯಾರೂ ಕೊಡಂಗಿಲ್ಲ.

ಸಂಯೋಜಕಿ: ಗುರುಗಳೇ, ಒಲಿ ಒಂದೇ ಇದ್ದು ಇಬ್ಬರೂ ಹಂಚಿಕೊಳ್ಳೋದಾದ್ರ "ಇಲ್ಲಿ ಮಾಂಸ, ತತ್ತಿ ಬೇಯಿಸಬಾರದು" ಅಂತ ಬರೀರಿ. ಕುಟುಂಬಕ್ಕ ಓದಿ ಹೇಳ್ತೀನಿ, ಒಪ್ಪಿದವರು ಬರ್ತಾರ. ಜಾತಿ, ಅಡ್ಡಹೆಸರು ಕೇಳಿದ ಮನಿ ಯಾದಿಯೊಳಗ ಇರೂದಿಲ್ಲ. ಈ ವಾದ ಇಲ್ಲಿಗೆ ಬಿಡ್ರಿ.

ಗೋಕಾಕ ಅಂಗಡಿಯವರು: *ಫಾರ್ವರ್ಡ್* ನೆರೆ ನೀರು ಶುದ್ಧ ಮಾಡಾಕ ಒಂದು ಕೊಡಕ್ಕ ಒಂದು ಚಮಚ ಬ್ಲೀಚಿಂಗ್ ಪುಡಿ, ನಾಕು ತುಳಸಿ ಎಲಿ. ಇಲಿ ಜ್ವರ ಹತ್ತಿರ ಸುಳಿಯಂಗಿಲ್ಲ. ಎಲ್ಲಾರಿಗೂ ಕಳಸ್ರಿ.

ಸಂಯೋಜಕಿ: ಕಳಸಬ್ಯಾಡ್ರಿ, ಅಳಿಸ್ರಿ. 1,000 ಲೀಟರಿಗೆ ಸುಮಾರು 2.5 ಗ್ರಾಂ ಚಲೋ ಬ್ಲೀಚಿಂಗ್ ಪುಡಿ ಸಾಕು. ನಿಮ್ಮ ಚಮಚ ಒಂದು ಟ್ಯಾಂಕಿಗೇ ಹೆಚ್ಚು, ಅದನ್ನ ಕೊಡಕ್ಕ ಹಾಕಿದ ನೀರು ಕುಡಿದ್ರ ಕೂಸಿನ ಗಂಟಲು ಸುಡ್ತದ. ಮನಿ ಮಟ್ಟಿಗೆ ಆಶಾ ಕಾರ್ಯಕರ್ತೆಯರು ಕೊಡೋ ಕ್ಲೋರಿನ್ ಗುಳಿಗಿ ಉಪಯೋಗಸ್ರಿ. ಅರ್ಧ ಗ್ರಾಮಿನ ಗುಳಿಗಿ 20 ಲೀಟರಿಗೆ. ಮೊದಲು ನೀರು ಬಟ್ಟಿಯಾಗ ಸೋಸಿ, ಗುಳಿಗಿ ಹಾಕಿ, ಅರ್ಧ ತಾಸು ಬಿಟ್ಟು ಕುಡೀರಿ. ಸೋಸದ ರಾಡಿ ನೀರಿನಾಗ ಗುಳಿಗಿ ಕೆಲಸ ಮಾಡೂದಿಲ್ಲ. ಇಲಿ ಜ್ವರ ಬರೋದು ಇಲಿ, ದನದ ಉಚ್ಚಿ ಕೂಡಿದ ನೀರು ಕಾಲಿನ ಗಾಯಕ್ಕ ತಾಗಿ. ತುಳಸಿ ಅದನ್ನ ತಡಿಯೂದಿಲ್ಲ. ಗಾಯ ಇದ್ದವರು ನೀರಿಗೆ ಇಳೀಬ್ಯಾಡ್ರಿ, ಜ್ವರ, ಮೀನಖಂಡದ ನೋವು ಬಂದ್ರ ಅವತ್ತೇ ದವಾಖಾನಿಗೆ ಹೋಗ್ರಿ.

ಅಥಣಿ ಕಾಕಾ: ಸಣ್ಣ ಕೂಸುಗಳಿಗೆ ಹಾಲಿನ ಪುಡಿ ಡಬ್ಬಿ, ಬಾಟಲಿ ತರಸೀನಿ. ಯಾರಿಗೆ ಕೊಡ್ಲಿ?

ಸಂಯೋಜಕಿ: ಯಾರಿಗೂ ಬ್ಯಾಡ. ಅನಾಥಾಲಯ ಬಿಟ್ಟು ಬ್ಯಾರೆ ಯಾರಿಗೂ ಶಿಶುಗಳ ಹಾಲಿನ ಪುಡಿ, ಬಾಟಲಿ ದಾನ ಮಾಡಬಾರದು ಅಂತ 1992ರ ಕಾಯ್ದೆ ಅದ. ರಾಡಿ ನೀರಿನಾಗ ಕಲಿಸಿದ ಪುಡಿ ಕೂಸಿಗೆ ಭೇದಿ ತರ್ತದ. ಆ ರೊಕ್ಕದಾಗ ಬಾಣಂತಿಗೆ ಬೆಲ್ಲ, ಶೇಂಗಾ, ಬ್ಯಾಳಿ ಕೊಡ್ರಿ.

ಮೂಡಲಗಿ ಸದಸ್ಯೆ: ಅಕ್ಕಾರ, ಜಲ್ದಿ ಹೇಳ್ರಿ. ಇಲ್ಲಿ ಕೇಂದ್ರದಾಗ ಇಬ್ಬರು ಅಕ್ಕ-ತಂಗಿ ಅದಾರ, 15 ಮತ್ತ 12 ವರ್ಷ. ಅಪ್ಪ-ಅವ್ವ ಎರಡು ಎಮ್ಮಿ ಬಿಟ್ಟು ಬರಂಗಿಲ್ಲ ಅಂತ ದಿಬ್ಬದ ಮ್ಯಾಲೇ ಉಳದಾರ. ಬೆಳಗಾವಿಯ ಒಂದು ಮನಿಯವರು "ಇಬ್ಬರನ್ನೂ ಕಳಸ್ರಿ, ಸಾಲಿ ಕಲಸ್ತೀವಿ, ಮನಿಗೆಲಸಕ್ಕ ಸ್ವಲ್ಪ ಕೈ ಹಚ್ಚಿದ್ರ ಆತು" ಅಂದಾರ. ರಾತ್ರಿ ಗಾಡಿ ಬರತೈತಿ. ಮಂದಿ ಚಲೋ ಕಾಣಸ್ತಾರ.

ಸಂಯೋಜಕಿ: ಕಳಸಬ್ಯಾಡ್ರಿ. ಗಾಡಿ ಬಂದ್ರ ತಿರುಗಿಸಿ ಕಳಸ್ರಿ. ಈಗಲೇ ಕೇಂದ್ರದ ನೋಡಲ್ ಅಧಿಕಾರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ. ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ ಮಾತು ಮುಟ್ತದ.

ಆ ಮನಿಯವರು ಚಲೋ ಇರಬಹುದು. ಆದ್ರ ನೆರೆ, ಬರ ಬಂದಾಗ ಮಕ್ಕಳನ್ನ ಒಯ್ಯೋ ಕೆಟ್ಟ ಮಂದಿನೂ ಇದೇ ಮಾತು ಆಡ್ತಾರ: ಓದಸ್ತೀವಿ, ಸ್ವಲ್ಪ ಕೈ ಹಚ್ಚಲಿ. ಯಾರು ಯಾರು ಅಂತ ಮಾರಿ ನೋಡಿ ತಿಳಿಯೂದಿಲ್ಲ. ಅಪ್ಪ-ಅವ್ವ ಇರೋ ಮಕ್ಕಳನ್ನ ಕೇಂದ್ರದಿಂದ ಯಾರ ಕೈಗೆ ಕೊಡಲಿಕ್ಕೂ ನಿಮಗಾಗಲಿ ನನಗಾಗಲಿ ಅಧಿಕಾರ ಇಲ್ಲ. 12 ವರ್ಷದ ಹುಡುಗಿಯಿಂದ ಪರರ ಮನಿಗೆಲಸ ಮಾಡಿಸೋದು ಕಾಯ್ದೆ ಪ್ರಕಾರ ಅಪರಾಧ. 15 ವರ್ಷದವಳನ್ನ ಹಿಂಗ ಒಯ್ದು ಲಗ್ನ ಮಾಡಿಬಿಡೋ ಭಯನೂ ಅದ.

ಇವತ್ತು ರಾತ್ರಿ ಮಾಡೋದು ಇಷ್ಟು. ಇಬ್ಬರ ಹೆಸರು, ಊರು, ಅಪ್ಪ-ಅವ್ವನ ಫೋನ್ ನಂಬರ್ ಕೇಂದ್ರದ ದಾಖಲಾತಿ ಪುಸ್ತಕದಾಗ ಬರಸ್ರಿ. ಮಕ್ಕಳ ಫೋಟೋ ಯಾವ ಗ್ರೂಪಿಗೂ ಹಾಕಬ್ಯಾಡ್ರಿ. ಹೆಣ್ಣುಮಕ್ಕಳ ಖೋಲಿಯೊಳಗ, ಅವರ ಊರಿನ ಗುರುತಿನ ಹೆಣ್ಣುಮಗಳ ಬಾಜೂಕ ಮಲಗಸ್ರಿ. ಸಂಡಾಸಿನ ದಾರಿಗೆ ಲೈಟ್ ಅದ ಏನು ನೋಡ್ರಿ, ಇಲ್ಲದಿದ್ರ ಕೈಯಾಗ ಟಾರ್ಚ್ ಕೊಡ್ರಿ. ಅಪ್ಪಗ ಫೋನ್ ಹಚ್ಚಿ ಮಕ್ಕಳ ಕೂಡ ಮಾತಾಡಿಸ್ರಿ. ಸಾಲಿ ತಪ್ಪಬಾರದು ಅಂದ್ರ ತಾಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆ ಹೆಣ್ಣುಮಕ್ಕಳ ಹಾಸ್ಟೆಲ್ ಕೇಳೋಣ, ಅದೂ ಅಪ್ಪ-ಅವ್ವ ಒಪ್ಪಿದ ಮ್ಯಾಲೆ.

ಮೂಲ ತೊಡಕು ಎಮ್ಮಿ. ಎಮ್ಮಿಗೆ ಜಾಗ ಸಿಕ್ಕರ ಅಪ್ಪ-ಅವ್ವ ಇಳದು ಬರ್ತಾರ, ಮಕ್ಕಳು ಅವರ ಕೂಡ ಇರ್ತಾವ. ನಮಗ ಬರೋ ಮನಿಗಳೊಳಗ ದನ ಕಟ್ಟೋ ಜಾಗ ಇರೋದು ಭಾಳ ಕಡಿಮಿ, ಅದಕ್ಕೇ ಎಷ್ಟೋ ಮನಿ ಖಾಲಿ ಉಳೀತಾವ. ಎತ್ತರದ ತೋಟದ ಮನಿ, ದನದ ಕೊಟ್ಟಿಗಿ ಇರೋರು ಮುಂದ ಬರ್ರಿ. ಒಂದು ಎಮ್ಮಿಗೆ ದಿನಕ್ಕ 5–6 ಕಿಲೋ ಕಣಿಕಿ (ಒಣಗಿದ ಜೋಳದ ದಂಟು) ಇಲ್ಲಾ ಹೊಟ್ಟು, ಮ್ಯಾಲೆ ಹಸಿ ಮೇವು, 50 ಲೀಟರಿಗೆ ಕಡಿಮಿ ಇಲ್ಲದಂಗ ನೀರು. ಬರೀ ಕಬ್ಬಿನ ವಾಡಿ (ತುದಿಯ ಹಸಿರು ಎಲಿ) ಹಾಕಿದ್ರ ಸುಣ್ಣದ ಅಂಶ ಕಡಿಮಿ ಆಗಿ ಹಾಲು ಇಳೀತದ, ಕಣಿಕಿ ಕೂಡಿಸಿ ಹಾಕ್ರಿ. ಊಟದಾಗ ಉಳದ ಅನ್ನ ಬುಟ್ಟಿಗಟ್ಟಲೇ ಸುರೀಬ್ಯಾಡ್ರಿ, ಹೊಟ್ಟಿಯೊಳಗ ಆಮ್ಲ ಹೆಚ್ಚಿ ಒಂದೇ ರಾತ್ರಿಯಾಗ ಎಮ್ಮಿ ನೆಲ ಹಿಡೀತದ. ನಿಮ್ಮ ದನದ ಕೂಡ ಕಟ್ಟೂಕಿಂತ ಮೊದಲು ಗಳಲೆ ರೋಗದ (ಗಂಟಲು ಬೇನಿ) ಲಸಿಕಿ ಆಗ್ಯದ ಏನು ಕೇಳ್ರಿ. ದನದ ಅಂಬುಲೆನ್ಸಿಗೆ 1962.

ಯರಗಟ್ಟಿ ರೈತ: ನಮ್ಮ ತೋಟದಾಗ ನಾಕು ಎಮ್ಮಿ ಕಟ್ಟೋವಷ್ಟು ಕೊಟ್ಟಿಗಿ ಐತಿ, ಬಾಜೂಕ ಪತ್ರಾಸಿನ ಖೋಲಿ 12×20. ಬೋರ್ ನೀರು. ಸಂಡಾಸು ಹೊರಗ, ಬಾಗಿಲಾ ಐತಿ. ಒಂದು ತಿಂಗಳು ಕೊಡ್ತೀನ್ರಿ. ಕಣಿಕಿ ನಮ್ಮದೇ.

ಸಂಯೋಜಕಿ: ಹಿಂಗ ಬರೀಬೇಕ್ರಿ. 240 ಚದರಡಿ, ಆರು ಮಂದಿಗೆ ಆಗ್ತದ. ಮೂಡಲಗಿ ಅಕ್ಕಾರ, ಈ ಕೊಟ್ಟಿಗಿ ಆ ಮಕ್ಕಳ ಅಪ್ಪಗ ಹೇಳ್ರಿ. ಮುಂಜಾನೆ ನೋಡಲ್ ಅಧಿಕಾರಿ ಕೂಡ ಹೋಗಿ ಜಾಗ ನೋಡಿದ ಮ್ಯಾಲೇ ಕಳಸೋದು.

ಟಿಳಕವಾಡಿ, ಬೆಳಗಾವಿ: ನನ್ನ ಖೋಲಿಗೆ ಯಾರು ಬರ್ತಾರ ಮೇಡಂ? ಮೊದಲು ಬರದವ ನಾ.

ಹುಕ್ಕೇರಿ ತಮ್ಮ: ಹಳೀ ಅರಿಬಿ ಆದ್ರೂ ಇಸ್ತ್ರಿ ಮಾಡೇವ್ರಿ.

ಸಂಯೋಜಕಿ: ಬ್ಯಾಡ. ಮ್ಯಾಲೆ ಓದ್ರಿ.

ಮುಧೋಳ ಹುಡುಗ: ಕೆಲಸದವರ ಲೆಕ್ಕದಾಗ ಮಂದಿ ಒಯ್ಯೋರನ್ನ ಮೊದಲು ಗ್ರೂಪಿನಿಂದ ತಗೀರಿ. ಜಮಖಂಡಿ ಗುರುಗಳೂ ಅದೇ ಪೈಕಿ.

ಜಮಖಂಡಿ ಶಿಕ್ಷಕರು: ನಾಲಿಗಿ ಬಿಗಿ ಹಿಡಿ ತಮ್ಮ. ನಾ ಒಂದು ಮನಿ ಕೊಟ್ಟೀನಿ. ನೀ ಏನು ಕೊಟ್ಟಿ?

ಮುಧೋಳ ಹುಡುಗ: ದೋಣಿ ಹೊಡ್ಯಾಕತ್ತೀನಿ.

ಅಡ್ಮಿನ್: ಇಬ್ಬರೂ ಬೈದಾಡೂದು ನಿಲ್ಲಸ್ರಿ. ಇನ್ನೊಂದು ಸಾಲು ಬರೆದ್ರ ತಗೀತೀನಿ.

ರಬಕವಿ ಸದಸ್ಯೆ: ನಮ್ಮ ಮನಿಗೆ ಬಂದ ಕುಟುಂಬಕ್ಕ ಇಲ್ಲಿ ರೇಶನ್ ಸಿಗತೈತೇನ್ರಿ? ಪರಿಹಾರದ ರೊಕ್ಕ ತಪ್ಪತೈತಿ ಅಂತ ಅಂಜ್ಯಾರ.

ಸಂಯೋಜಕಿ: ರೇಶನ್ ಕಾರ್ಡ್ ಇದ್ರ ರಾಜ್ಯದ ಬ್ಯಾರೆ ನ್ಯಾಯಬೆಲೆ ಅಂಗಡಿಯಾಗೂ ಹೆಬ್ಬಟ್ಟು ಒತ್ತಿ ತಗೋಬಹುದು. ಪರಿಹಾರದ ಅಂಜಿಕಿ ಸುಳ್ಳಲ್ಲ. ಕೇಂದ್ರದ ಪುಸ್ತಕದಾಗ ಹೆಸರು ಬರಸದೇ ಸೀದಾ ನಿಮ್ಮ ಮನಿಗೆ ಬಂದಿದ್ರ ನಾಳೆ ಬರಸ್ರಿ. ತಲಾಟಿ, ಪಿಡಿಒ, ಇಂಜಿನಿಯರ್ ಮನಿ ಪಂಚನಾಮೆಗೆ ಬಂದ ದಿನ ಆ ಮನಿಯ ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು. ಅವರಿಗೆ ಬಸ್ಸಿನ ರೊಕ್ಕ ಕೊಡ್ರಿ, ಅದೂ ನೆರವೇ. ಆಧಾರ್, ಪಾಸ್‌ಬುಕ್, ಉತಾರ (ಆಸ್ತಿಯ ದಾಖಲಿ) ಒಂದು ಪ್ಲಾಸ್ಟಿಕ್ ಚೀಲದಾಗ ಮೈಮ್ಯಾಲೆ ಇಟ್ಟುಕೊಳ್ಳಲಿ. ಬಿದ್ದ ಗ್ವಾಡಿಯ ಮಣ್ಣು ತಗಿಯೂಕಿಂತ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೋ ತಗೀರಿ.

ಗೋಕಾಕ ಅಂಗಡಿಯವರು: *ಫಾರ್ವರ್ಡ್* ಕೊಯ್ನಾ ಡ್ಯಾಮ್ ಬಿರುಕು ಬಿಟ್ಟೈತಂತ, ಗೋಕಾಕ ಮುಳಗತೈತಿ, ಎಲ್ಲಾರೂ ಓಡ್ರಿ.

ಸಂಯೋಜಕಿ: ಕೊಯ್ನಾ ನೀರು ಬರೋದು ಕೃಷ್ಣಾಕ್ಕ. ಗೋಕಾಕಿನ ಹೊಳಿ ಘಟಪ್ರಭಾ. ನಿಮ್ಮೂರಿನ ಹೊಳಿ ಯಾವುದು ಅಂತ ನೋಡದೇ ಫಾರ್ವರ್ಡ್ ಮಾಡ್ತೀರಿ, ರಾತ್ರಿ ಮುದುಕರು, ಕೂಸು ಎತ್ಕೊಂಡು ಮಂದಿ ಓಡ್ತಾರ, ಕತ್ತಲದಾಗ ಯಾರರ ಬಿದ್ರ ಹೊಣಿ ಯಾರು? ನೀರಿನ ಸುದ್ದಿ ಬೇಕಾದ್ರ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕ ಕೇಳ್ರಿ. ಅಡ್ಮಿನ್, ಇವರ ಫಾರ್ವರ್ಡ್ ಬಂದ್ ಮಾಡ್ರಿ.

ಅಥಣಿ ಕಾಕಾ: ಕರೆಂಟ್ ಬಿಲ್ ಯಾರು ಕಟ್ಟೂದು? ಮನಿ ಕೊಟ್ಟವರೋ ಬಂದವರೋ?

ಮುಧೋಳ ಸದಸ್ಯೆ: ಮೇಡಂ, ನೀರು ಇಳದೈತಿ. ಇಟ್ಟುಕೊಂಡವರು ನಾಳೆನೇ ಹೋಗ್ರಿ ಅನ್ನಾಕತ್ತಾರ. ಹೋಗಬಹುದಾ?

ಸಂಯೋಜಕಿ: ಮಣ್ಣಿನ ಗ್ವಾಡಿ ಆದ್ರ ನಾಳೆ ಹೋಗಲೇಬಾರದು. ನೀರು ನಿಂತಾಗ ನಿಂತಿರೋ ಗ್ವಾಡಿ ಬಿಸಿಲು ಬಿದ್ದು ಒಣಗೂ ಮುಂದ ಬೀಳ್ತದ, ರಾತ್ರಿ ಮಲಗಿದವರ ಮ್ಯಾಲೂ ಬೀಳಬಹುದು. ಇಂಜಿನಿಯರ್ ನೋಡೋ ತನಕ ಒಳಗ ಮಲಗಬಾರದು. ಕಲ್ಲು, ಸಿಮೆಂಟಿನ ಮನಿ ಆದ್ರ ಮೊದಲು ಹೆಸ್ಕಾಂ (ಕರೆಂಟ್ ಕಂಪನಿ) ಲೈನ್‌ಮನ್ ಮೀಟರ್ ನೋಡಲಿ, ಅಲ್ಲೀತನಕ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ. ಒಟ್ಟಿದ ಕಟಿಗಿ, ಚೀಲ ಕೋಲಿನಿಂದ ಸರಸ್ರಿ, ಹಾವು ಇರ್ತಾವ. ಇಟ್ಟುಕೊಂಡವರ ಫೋನ್ ನಂಬರ್ ನನಗ ಕಳಸ್ರಿ, ನಾ ಮಾತಾಡ್ತೀನಿ. ಯಾದಿಯೊಳಗ ಅವರು ಬರಸಿದ ತಾರೀಖು ಇನ್ನೂ ಹನ್ನೊಂದು ದಿನ ಅದ.